ಅರಸಿನಗುಂಡಿಗೆ ಅಂಟಿದ ‘ಫಾಲ್ಸ್’

ಕೊಲ್ಲೂರಿನ ಸುತ್ತಿನ ಕಾಡಿನಲ್ಲಿ ಅರಸಿನಗುಂಡಿ ಎಂಬ ಜಾಗವಿದೆ. ಕೊಡಚಾದ್ರಿಯ ಮಗ್ಗುಲಿನಿಂದ ಇಳಿಯುವ ನೀರು ಅಲ್ಲಿ ಬಂಡೆಯ ಮೇಲಿಂದ ಧುಮುಕುತ್ತದೆ. ಮೊಬೈಲಿನ ನಕ್ಷೆಯಲ್ಲಿ, ಪ್ರವಾಸದ ಜಾಹೀರಾತಿನಲ್ಲಿ, ಯೂಟ್ಯೂಬಿನಲ್ಲಿ ಅದರ ಹೆಸರು ‘ಅರಸಿನಗುಂಡಿ ಫಾಲ್ಸ್’. ಹೆಸರಿನ ಮೊದಲರ್ಧ ಅರಿಸಿನವೋ ಅರಸನೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಆಸಕ್ತಿ ಉಳಿದರ್ಧದಲ್ಲಿದೆ. ಈ ಹೆಸರಿಟ್ಟವರ ಕಣ್ಣು ಮೇಲಿಂದ ಬೀಳುವ ನೀರಿಗಿಂತ ಕೆಳಗೆ ನಿಂತ ನೀರಿನ ಮೇಲಿತ್ತು. ಗುಂಡಿ ಎಂದರೆ ಆಳ. ಕಾಲು ನಿಲ್ಲದ ಜಾಗ. ಹೊಳೆಯ ಬದಿಯಲ್ಲಿ ಬದುಕುವವರಿಗೆ ಮೊದಲು ತಿಳಿದಿರಬೇಕಾದ ಸಂಗತಿ ಅದು. ಅದನ್ನೇ ಅವರು ಹೆಸರಿನೊಳಗೆ ಇಟ್ಟರು. ‘ಫಾಲ್ಸ್’ ಎಂಬ ಬಾಲ ಬಂದ ಮೇಲೆ ನೋಡುವವನ ಕತ್ತು ಮೇಲಕ್ಕೆ ಹೋಯಿತು. ಗುಂಡಿ ಹೆಸರಿನಲ್ಲಿ ಉಳಿಯಿತು, ಅರ್ಥದಲ್ಲಿ ಉಳಿಯಲಿಲ್ಲ.

ಜಲಪಾತಕ್ಕೆ ನಮ್ಮಲ್ಲಿ ಶಬ್ದವೇ ಇರಲಿಲ್ಲ ಎಂದು ಇದರರ್ಥವಲ್ಲ. ಘಟ್ಟದ ಮೇಲೆ ಆಗುಂಬೆಯ ಬಳಿ ಒನಕೆ ಅಬ್ಬಿ ಇದೆ. ಅಬ್ಬಿ ಎಂದರೆ ಬೀಳುವ ನೀರೇ. ಘಟ್ಟದ ಕೆಳಗೆ ಬಂದರೆ ಹೆಬ್ರಿಯ ಕಡೆ ಸೀತಾನದಿಗೆ ಕೂಡ್ಲು ತೀರ್ಥ, ಜೋಮ್ಲು ತೀರ್ಥ, ಕೊಲ್ಲೂರಿನ ದಾರಿಯ ಆಚೆ ಬೆಳ್ಕಲ್ ತೀರ್ಥ. ತೀರ್ಥ ಎಂಬ ಮಾತು ನೀರಿನ ಆಕಾರವನ್ನು ಹೇಳುವುದಿಲ್ಲ, ನೀರಿನ ಹತ್ತಿರ ಹೋಗುವ ರೀತಿಯನ್ನು ಹೇಳುತ್ತದೆ. ಮೀಯಲು ಹೋಗಬಹುದು, ಆದರೆ ದಿನ ನೋಡಿ, ಜೊತೆ ನೋಡಿ, ತಗ್ಗಿ ಹೋಗಬೇಕು. ಈ ಎಲ್ಲ ತೀರ್ಥಗಳಿಗೂ ಈಗ ‘ಫಾಲ್ಸ್’ ಸೇರಿಕೊಂಡಿದೆ. ಸಾಹಿತ್ಯದ ವಿದ್ಯಾರ್ಥಿಗಳು ಕಾವ್ಯದ ಅನುವಾದದಲ್ಲಿ ಏನು ಕಳೆದುಹೋಯಿತು ಎಂದು ಸೆಮಿನಾರುಗಳಲ್ಲಿ ಬಹಳ ಚರ್ಚಿಸುತ್ತಾರೆ. ಒಂದು ಜಾಗದ ಹೆಸರು ಅನುವಾದವಾದಾಗ ಏನು ಕಳೆಯುತ್ತದೆ ಎಂಬ ಚರ್ಚೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಭೂಗೋಳವೆಂದರೆ ಹೊಳೆಗಳ ಭೂಗೋಳ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವಿನ ಅಗಲ ಕಡಿಮೆ. ಹಾಗಾಗಿ ಇಲ್ಲಿಯ ಹೊಳೆಗಳು ಗಿಡ್ಡ, ಆದರೆ ರಭಸ ಹೆಚ್ಚು. ಘಟ್ಟದಲ್ಲಿ ಮಧ್ಯಾಹ್ನ ಸುರಿದ ಮಳೆ ಸಂಜೆಯೊಳಗೆ ಕೆಳಗಿನ ಬಯಲಿಗೆ ಬರುತ್ತದೆ, ಕೆಳಗೆ ಒಂದು ಹನಿ ಬೀಳದಿದ್ದರೂ. ಮೂಕಾಂಬಿಕಾ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾಯಿತು. ಸಿಂಗಳೀಕಗಳಿರುವ ಆ ಕಾಡಿನಿಂದ ಸೌಪರ್ಣಿಕೆ ಹೊರಬಂದು, ಮರವಂತೆಯಲ್ಲಿ ಕಡಲನ್ನು ಮುಟ್ಟಿಯೇ ಬಿಟ್ಟಿತೆನ್ನುವಷ್ಟು ಹತ್ತಿರ ಬಂದು, ನಡುವೆ ಒಂದು ಹೆದ್ದಾರಿಯ ಜಾಗ ಬಿಟ್ಟು, ಮತ್ತೆ ಬೆನ್ನು ತಿರುಗಿಸಿ ಗಂಗೊಳ್ಳಿಯ ಕಡೆ ಹೋಗುತ್ತದೆ. ಅಲ್ಲಿ ವಾರಾಹಿ, ಚಕ್ರಾ ಮುಂತಾದವು ಸೇರಿ ಪಂಚಗಂಗಾವಳಿ. ದಕ್ಷಿಣದಲ್ಲಿ ಸೀತೆ ಆಗುಂಬೆಯ ಘಟ್ಟದಿಂದ ಇಳಿದು, ಹೆಬ್ರಿ ದಾಟಿ, ಬಾರ್ಕೂರಿನ ಮಗ್ಗುಲಲ್ಲಿ ಹಾದು ಹಂಗಾರಕಟ್ಟೆಯ ಅಳಿವೆಗೆ ಹೋಗುತ್ತದೆ. ವಾರಾಂತ್ಯದಲ್ಲಿ ಈಜಲು, ಕಾಡಿನಲ್ಲಿ ನಡೆಯಲು, ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂರಲು ಬೆಂಗಳೂರಿನಿಂದ, ಶಿವಮೊಗ್ಗದಿಂದ, ಮಣಿಪಾಲದ ಹಾಸ್ಟೆಲುಗಳಿಂದ ಜನ ಬರುತ್ತಾರೆ. ನಾನೂ ಹೋಗುತ್ತೇನೆ. ಹೋಗುವುದರ ವಿರುದ್ಧ ಈ ಬರಹವಿಲ್ಲ. ಹೋಗುವಾಗ ಯಾವ ಭಾಷೆಯನ್ನು ಜೊತೆಗೆ ಒಯ್ಯುತ್ತೇವೆ ಎಂಬುದು ನನ್ನ ಪ್ರಶ್ನೆ.

ಒಮ್ಮೆ ಬೇಸಗೆಯಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಸೌಪರ್ಣಿಕೆಯ ಬದಿಗೆ ಹೋಗಿದ್ದೆ. ಇಬ್ಬರು ಬಯಲುಸೀಮೆಯವರು. ನೀರು ಮೊಣಕಾಲಷ್ಟೇ ಕಾಣುತ್ತಿತ್ತು. ಆಚೆ ಬಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೂಗಿ ಹೇಳಿದರು: “ಹ್ವಾಯ್, ಆ ಬದಿಗ್ ಹೋಪ್ದ್ ಬ್ಯಾಡ. ಅಲ್ಲ್ ಗುಂಡಿ ಇತ್ತ್.” ಹುಡುಗರು ತಲೆಯಾಡಿಸಿ ಆ ಬದಿಗೇ ಹೊರಟರು. ತಡೆದು ಕೇಳಿದರೆ, “ಗುಂಡಿ ಇತ್ತಂತೆ ಸಾರ್, ಈಗ ಹೂಳು ತುಂಬಿರಬೇಕು” ಅಂದರು. ಕುಂದಾಪ್ರ ಕನ್ನಡದ ‘ಇತ್ತ್’ ವರ್ತಮಾನಕಾಲ, ‘ಇದೆ’ ಎಂದರ್ಥ. ಇದ್ದು ಹೋದದ್ದಕ್ಕೆ ಇಲ್ಲಿಯವರು ‘ಇದ್ದಿತ್’ ಅನ್ನುತ್ತಾರೆ. ಬಸ್ಸು ಇತ್ತಾ ಎಂದು ಕೇಳಿದರೆ ಬಸ್ಸು ಈಗ ಇದೆಯೇ ಎಂದು. ಹುಡುಗರು ಕೇಳಿಸಿಕೊಂಡದ್ದು ಇತಿಹಾಸ, ಹೆಂಗಸು ಹೇಳಿದ್ದು ವರ್ತಮಾನ. ನಕ್ಕು ಎಲ್ಲರೂ ಈಚೆ ದಡದಲ್ಲೇ ಮಿಂದೆವು. ಆದರೆ ಆ ಒಂದು ಕ್ರಿಯಾಪದ ನನ್ನನ್ನು ಬಿಟ್ಟಿಲ್ಲ. ಉಪಭಾಷೆಯ ಸೊಗಡು, ದೇಸಿ ಸತ್ವ ಎಂದೆಲ್ಲ ನಾವು ವಿಮರ್ಶೆಯಲ್ಲಿ ಬರೆಯುತ್ತೇವಲ್ಲ, ಸೊಗಡಿನ ಮಾತು ಅಲ್ಲಿ ಬರುವುದೇ ಇಲ್ಲ. ಅದು ಹೊಳೆಯ ಆಳವನ್ನು ಹೇಳುವ ವ್ಯಾಕರಣ.

ಈ ನೆಲದ ಸಾಹಿತ್ಯ ಹೊಳೆಯನ್ನು ಹೇಗೆ ನೋಡಿತು? ಮೊದಲಿಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಕೋಟದಲ್ಲಿ 1902ರಲ್ಲಿ ಹುಟ್ಟಿದ ಕಾರಂತರು 1940ರ ದಶಕದ ಆರಂಭದಲ್ಲಿ ಹೊರತಂದ ಈ ಕಾದಂಬರಿಯ ಊರು ಕೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಪಟ್ಟಿ ಮರಳು ನೆಲ. ರಾಮ ಐತಾಳರ ಮನೆಯ ಮೂರು ತಲೆಮಾರು ಅಲ್ಲಿ ಬದುಕುತ್ತದೆ. ಐತಾಳರು ಪೌರೋಹಿತ್ಯಕ್ಕೆ ಊರೂರು ತಿರುಗುವಾಗ ಗದ್ದೆ, ದನ, ಅಡುಗೆ, ಬೇಸಾಯದ ಕೆಸರು ಎಲ್ಲವನ್ನೂ ಹೊರುವವರು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಅವರಿಗೆ ನೀರು ನೋಟವಲ್ಲ. ಅದು ಹವಾಮಾನ, ದಾರಿ, ಗದ್ದೆಗೆ ನುಗ್ಗಬಹುದಾದ ಉಪ್ಪು. ಕಾರಂತರು ಕಡಲನ್ನು ಬಣ್ಣಿಸುವುದಿಲ್ಲ ಎಂದಲ್ಲ, ಧಾರಾಳವಾಗಿ ಬಣ್ಣಿಸುತ್ತಾರೆ. ಆದರೆ ಅವರ ವರ್ಣನೆ ಕೆಲಸದ ಪಕ್ಕದಲ್ಲಿ ಬರುತ್ತದೆ. ದಣಿದವರು ಬೆನ್ನು ನೆಟ್ಟಗೆ ಮಾಡಿಕೊಂಡಾಗ ಕಂಡಂತೆ.

ಮೂರನೆಯ ತಲೆಮಾರಿನ ರಾಮ ಬೇರೆ. ಸಂಗೀತ, ಚಿತ್ರಗಳ ಒಲವಿನವನು, ಮದರಾಸು ಮುಂಬಯಿ ಕಂಡವನು, ಚಳವಳಿಗೆ ಹೋದವನು. ಅವನಿಗೆ ಕಡಲು ನೋಟವೂ ಹೌದು. ನಮ್ಮ ಕಾದಂಬರಿಗಳಲ್ಲಿ ನೀರಿನ ದಡದಲ್ಲಿ ಕೆಲಸವಿಲ್ಲದೆ ನಿಂತು ಸುಮ್ಮನೆ ನೋಡಬಲ್ಲ ಮನುಷ್ಯನ ಚರಿತ್ರೆ ಬರೆಯುವುದಾದರೆ ರಾಮನಿಗೆ ಅದರಲ್ಲಿ ಒಂದು ಅಧ್ಯಾಯ ಬೇಕು. ವಿಮರ್ಶಕರು ಕಾದಂಬರಿಯ ಶೀರ್ಷಿಕೆಯನ್ನು ಹಿಡಿದು ಮಣ್ಣಿಗೆ ಮರಳುವುದನ್ನು ಎತ್ತಿ ಆಡಿದ್ದಾರೆ. ನನಗೆ ಅನ್ನಿಸುವುದು, ಮರಳಿದ್ದರಿಂದಲೇ ರಾಮನ ನೋಟಕ್ಕೆ ಅರ್ಹತೆ ಬಂತು ಎಂದು. ಪಟ್ಟಣದಲ್ಲೇ ಉಳಿದು ರಜೆಗೆ ಕೋಡಿಗೆ ಬಂದು ಹೋಗುತ್ತಿದ್ದರೆ ಅವನ ಸೌಂದರ್ಯಪ್ರಜ್ಞೆಯನ್ನು ಕಾರಂತರು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದರೇ? ನನಗೆ ಸಂಶಯ. ಜೊತೆಗೆ ಒಂದು ತಕರಾರೂ ಇದೆ. ರಾಮನ ನೋಟಕ್ಕೆ ಸಿಕ್ಕಷ್ಟು ಮಾತು ಕಾದಂಬರಿಯಲ್ಲಿ ಆ ಇಬ್ಬರು ಹೆಂಗಸರ ನೋಟಕ್ಕೆ ಸಿಗುವುದಿಲ್ಲ. ಅಷ್ಟು ವರ್ಷ ಆ ನೀರಿನ ನಡುವೆ ಬದುಕಿದವರಿಗೆ ಅದು ಹೇಗೆ ಕಂಡಿತ್ತು ಎಂಬುದನ್ನು ನಾವು ಅವರ ಕೈಗಳಿಂದ ಊಹಿಸಬೇಕು.

ವೈದೇಹಿಯವರು ಕುಂದಾಪುರದ ಹೆಂಗಸರಿಗೆ ಮಾತು ಕೊಟ್ಟರು ಎಂಬುದು ಎಲ್ಲರೂ ಒಪ್ಪುವ ವಿಷಯ. ಆದರೆ ಅವರ ಕತೆಗಳನ್ನು ಓದುವಾಗ ನನ್ನ ನೆನಪಿನಲ್ಲಿ ಉಳಿಯುವ ನೀರು ಬಾವಿಯದು, ಬಚ್ಚಲಿನದು, ಹಿತ್ತಲಿನದು. ಹೊಳೆ ದೂರದಲ್ಲಿದೆ. ಇದನ್ನು ಲೇಖಕಿಯ ಮಿತಿ ಎನ್ನುವವರು ಊರನ್ನು ಕಂಡಿಲ್ಲ. ಹೊಳೆಯಲ್ಲಿ ಈಜು ಕಲಿಯುವುದು ಗಂಡುಮಕ್ಕಳ ವಿದ್ಯೆಯಾಗಿತ್ತು. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು, ಅಣ್ಣಂದಿರು ನೂಕಿದ ಕಡೆ ಬಿದ್ದು, ಎರಡು ಗುಟುಕು ನೀರು ಕುಡಿದು ಕಲಿಯುವ ಆ ವಿದ್ಯೆ ಹೆಣ್ಣುಮಕ್ಕಳಿಗೆ ಸಿಗುತ್ತಿರಲಿಲ್ಲ. ಅವರು ಹೊಳೆಗೆ ಹೋಗುತ್ತಿದ್ದದ್ದು ಬಟ್ಟೆಯ ಬುಟ್ಟಿಯ ಜೊತೆಗೆ, ಚಿಪ್ಪು ಹೆಕ್ಕಲು, ಇಲ್ಲವೇ ಆಚೆ ದಡದ ಗಂಡನ ಮನೆಗೆ. ಪಿಕ್ನಿಕ್ಕಿನ ಬಗ್ಗೆ ಮೂಗು ಮುರಿಯುವ ನಮ್ಮಂಥವರು ಇದನ್ನು ಮರೆಯಬಾರದು. ಇಂದು ಒಬ್ಬ ಹುಡುಗಿ ಕೈಯಲ್ಲಿ ಬುಟ್ಟಿಯಿಲ್ಲದೆ ಸೀತಾನದಿಯ ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಟ್ಟು ಚುರುಮುರಿ ತಿನ್ನುತ್ತಾಳೆ ಎಂದರೆ ಅದು ಪ್ರವಾಸ ಎಂಬ ವ್ಯಾಪಾರ ಅವಳಿಗೆ ಕೊಟ್ಟ ಜಾಗ. ಸಾಹಿತ್ಯ ಕೊಟ್ಟದ್ದಲ್ಲ.

ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ಗುಲಾಬಿ ಟಾಕೀಸು’ (2008) ಕತೆಯನ್ನು ಮೀನುಗಾರರ ಕುದ್ರುವಿಗೆ ಒಯ್ದಿತು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಯಕ್ಷಗಾನ ಗೊಂಬೆಯಾಟದ ಉಪ್ಪಿನಕುದ್ರು ಎಲ್ಲರಿಗೂ ಗೊತ್ತಿರುವ ಹೆಸರು. ಆ ಸಿನಿಮಾದಲ್ಲಿ ನೀರು ಚೆಂದವಾಗಿ ಕಾಣುತ್ತದೆ, ಆದರೆ ಚೆಂದ ಕಂಡೊಡನೆ ಒಂಟಿ ಹೆಂಗಸೊಬ್ಬಳಿಗೆ ಅದು ಬೇಲಿಯೂ ಆಗಿದೆ ಎಂಬುದು ತಿಳಿಯುತ್ತದೆ. ಅದೇ ಸೀಮೆಯ ಇನ್ನೊಂದು ಸಿನಿಮಾ, ಕೆರಾಡಿಯವರಾದ ರಿಷಬ್ ಶೆಟ್ಟಿಯವರ ‘ಕಾಂತಾರ’ (2022). ಕಾಯ್ದಿಟ್ಟ ಕಾಡಿನ ಗಡಿ ಎಲ್ಲಿ ಎಂಬ ಪ್ರಶ್ನೆ ಅದರ ಕತೆಯ ಬೆನ್ನೆಲುಬು: ಅರಣ್ಯ ಇಲಾಖೆಯ ಗೆರೆಯೋ, ಊರಿನವರ ಕಾಲುದಾರಿಯೋ. ಪ್ರಶ್ನೆ ದೊಡ್ಡದು. ಆದರೆ ಅದರ ಕಾಡು ಮಂಜು, ಪಂಜು, ಮಳೆಗಳಲ್ಲಿ ಎಷ್ಟು ಮೋಹಕವಾಗಿ ತೋರುತ್ತದೆ ಎಂದರೆ, ನೋಡಿ ಬಂದವರಿಗೆ ಕಾಡಿನ ಹಕ್ಕಿಗಿಂತ ಕಾಡಿನ ಬಣ್ಣವೇ ಹೆಚ್ಚು ನೆನಪಿರುತ್ತದೆ. ಇದು ಆ ಸಿನಿಮಾದ ಶಕ್ತಿ, ತೊಂದರೆಯೂ ಅದೇ.

ಗೋಪಾಲಕೃಷ್ಣ ಅಡಿಗರ ಮಾತು ಎತ್ತದಿದ್ದರೆ ಓದುಗರು ಒಪ್ಪಲಾರರು. ಮೊಗೇರಿಯವರು, ಹೊಳೆ ಕಡಲುಗಳ ನಡುವೆಯೇ ಬೆಳೆದವರು. ‘ಯಾವ ಮೋಹನ ಮುರಲಿ’ ‘ಅಮೆರಿಕಾ! ಅಮೆರಿಕಾ!!’ ಸಿನಿಮಾದಿಂದ ಮನೆಮನೆಯ ಹಾಡಾಯಿತು, ಈಗ ಹೊಳೆಬದಿಯ ರೀಲುಗಳ ಹಿನ್ನೆಲೆಗೂ ಬರುತ್ತದೆ. ಆಚೆ ತೀರದ ಕರೆ ಆ ಕವಿತೆಯಲ್ಲಿ ಬಿಡುಗಡೆಯಷ್ಟೇ ಆತಂಕ. ಇರುವ ಬದುಕನ್ನು ಕಿತ್ತುಕೊಂಡು ಹೋಗುವ ಕರೆ ಅದು. ರೀಲಿನಲ್ಲಿ ಅದು ‘ಬನ್ನಿ, ನೋಡಿ’ ಆಗುತ್ತದೆ. ಹಾಡಿಗೆ ಇದರಿಂದ ನಷ್ಟವೇನಿಲ್ಲ. ದೊಡ್ಡ ಕವಿತೆಗಳು ಇಂಥದ್ದನ್ನು ತಾಳಿಕೊಳ್ಳುತ್ತವೆ.

ಆದರೆ ಎಲ್ಲವನ್ನೂ ಹೀಗೆ ತಾಳಿಕೊಳ್ಳಲಾಗುವುದಿಲ್ಲ. 2023ರ ಜುಲೈನಲ್ಲಿ ಅರಸಿನಗುಂಡಿಯ ಬಂಡೆಯ ತುದಿಯಲ್ಲಿ ನಿಂತು ನೀರು ನೋಡುತ್ತಿದ್ದ ಯುವಕನೊಬ್ಬ ಜಾರಿ ಬಿದ್ದ. ಜೊತೆಯವನ ಮೊಬೈಲಿನಲ್ಲಿ ಅದು ದಾಖಲಾಯಿತು. ದೇಶವೆಲ್ಲ ಆ ಕೆಲವು ಕ್ಷಣಗಳನ್ನು ಮತ್ತೆ ಮತ್ತೆ ನೋಡಿತು, ಹಂಚಿತು, ಬುದ್ಧಿ ಹೇಳಿತು. ಅದರ ಹಿಂದಿನ ವರ್ಷ, 2022ರ ಆಗಸ್ಟಿನಲ್ಲಿ, ಬೈಂದೂರು ತಾಲೂಕಿನ ಹಳ್ಳಿಯೊಂದರಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎಳೆಯ ಹುಡುಗಿ ಕಾಲುಸಂಕ ದಾಟುವಾಗ ತುಂಬಿದ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಅದಕ್ಕೆ ವಿಡಿಯೊ ಇರಲಿಲ್ಲ. ಎರಡೂ ಒಂದೇ ಘಟ್ಟದ ಮಳೆ. ಒಬ್ಬನಿಗೆ ನೀರು ನೋಟವಾಗಿತ್ತು, ಇನ್ನೊಬ್ಬಳಿಗೆ ಪ್ರತಿದಿನದ ದಾರಿ. ಎರಡೂ ಸಾವಿಗೆ ಪತ್ರಿಕೆಗಳಲ್ಲಿ ಕಾದಿರುವ ಶಬ್ದ ಒಂದೇ: ನೀರುಪಾಲು. ಎಷ್ಟು ಸಲೀಸಾದ ಮಾತು! ಪಾಲು ಎಂದರೆ ಹಕ್ಕಿನಿಂದ ಸಲ್ಲುವ ಭಾಗ. ನೀರಿಗೆ ಸಲ್ಲಬೇಕಾದದ್ದು ಸಂದಿತು ಎಂಬ ಧ್ವನಿ ಅದರಲ್ಲಿದೆ. ಸಂಕ ಕಟ್ಟದವರು ಯಾರು, ದಾರಿ ತೋರದವರು ಯಾರು ಎಂಬ ಪ್ರಶ್ನೆ ಆ ಶಬ್ದದ ಹತ್ತಿರ ಸುಳಿಯುವುದಿಲ್ಲ. ನಾನು ಪತ್ರಿಕೆಯವನಾಗಿದ್ದರೆ ಆ ಶಬ್ದವನ್ನು ಇಂದೇ ಕೈಬಿಡುತ್ತಿದ್ದೆ.

ಹೊಳೆಬದಿಯ ಫಲಕಗಳ ಭಾಷೆಯೂ ಹೀಗೆಯೇ. ‘ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.’ ಕರ್ಮಣಿ ಪ್ರಯೋಗದ ವಾಕ್ಯ. ನಿಷೇಧಿಸಿದವರು ಯಾರು, ಏಕೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಒಂದೂ ಇಲ್ಲ. ಓದಿದ ಹುಡುಗ ಅದನ್ನು ಕಾನೂನಿನ ವಾಕ್ಯವೆಂದು ಓದುತ್ತಾನೆ. ಕಾನೂನಿನ ವಾಕ್ಯ ಎಂದ ಮೇಲೆ ಕಾವಲುಗಾರ ಇದ್ದಾನೋ ಇಲ್ಲವೋ ನೋಡಿಕೊಂಡು ಮೀರಬಹುದು ಎಂದುಕೊಳ್ಳುತ್ತಾನೆ. ಬಟ್ಟೆ ಒಗೆಯುವ ಹೆಂಗಸಿನ ವಾಕ್ಯದಲ್ಲಿ ನಿಷೇಧಕ್ಕಿಂತ ಹೆಚ್ಚಾಗಿ ಹೊಳೆ ಇದೆ. ಎಲ್ಲಿ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುತ್ತದೆ. ‘ಈ ಬಂಡೆಯಾಚೆ ಗುಂಡಿ ಇದೆ, ಮೇಲೆ ಘಟ್ಟದಲ್ಲಿ ಮೋಡ ಕಂಡರೆ ದಡಕ್ಕೆ ಬನ್ನಿ, ಪಾಚಿ ಹಸುರಿದ್ದಲ್ಲಿ ಕಾಲಿಡಬೇಡಿ’ ಎಂದು ಬರೆಯಲು ಇಲಾಖೆಗೆ ಎಷ್ಟು ಖರ್ಚಾಗುತ್ತದೆ? ಫಲಕ ಅಷ್ಟೇ ದೊಡ್ಡದು, ಬಣ್ಣ ಅಷ್ಟೇ ಸಾಕು. ಬರೆಯುವವನು ಒಮ್ಮೆ ಊರಿನವರನ್ನು ಕೇಳಬೇಕು ಅಷ್ಟೆ.

ಮೋಜಿಗೂ ಎಚ್ಚರಕ್ಕೂ ಹೊಂದಾಣಿಕೆಯಿಲ್ಲ ಎಂದು ಹೇಳುವವರಿಗೆ ಮರವಂತೆಯ ಕರ್ಕಾಟಕ ಅಮಾವಾಸ್ಯೆಯನ್ನು ತೋರಿಸಬೇಕು. ಮಳೆಗಾಲದ ನಡುವೆ ಬರುವ ಆ ದಿನ ಮಹಾರಾಜಸ್ವಾಮಿ ವರಾಹ ದೇವಸ್ಥಾನದ ಜಾತ್ರೆ. ರಸ್ತೆಯ ಈಚೆ ಕಡಲು, ಆಚೆ ಸೌಪರ್ಣಿಕೆ. ಜನ ಎರಡರಲ್ಲೂ ಮೀಯುತ್ತಾರೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಒದ್ದೆ ಬಟ್ಟೆ, ಹಣ್ಣುಕಾಯಿ, ಮಿಠಾಯಿ ಅಂಗಡಿ, ಕೊಡೆಗಳ ಸಂತೆ. ಇದು ಭಕ್ತಿ ಎಂದು ದಾಖಲಾಗಿದೆ, ಸರಿ. ಆದರೆ ಒಳಗೆ ಬೆಚ್ಚಗೆ ಕೂತಿರುವುದು ವಿಹಾರವೇ: ಆಟಿಯ ಗೃಹಬಂಧನದಿಂದ ಒಂದು ದಿನದ ಬಿಡುಗಡೆ. ವ್ಯತ್ಯಾಸವೇನೆಂದರೆ ಈ ವಿಹಾರಕ್ಕೆ ದಿನ ಗೊತ್ತಿದೆ, ಜಾಗ ಗೊತ್ತಿದೆ, ಸುತ್ತ ನೀರು ಬಲ್ಲ ಜನರಿದ್ದಾರೆ, ಮೊಣಕಾಲಿನ ನೀರಲ್ಲಿ ಮುಳುಗು ಹಾಕಿದರೂ ಪುಣ್ಯ ಪೂರ್ತಿ ಬರುತ್ತದೆ. ಆಚಾರ ಎನ್ನುವುದನ್ನು ನಾವು ನವ್ಯದ ಕಾಲದಿಂದ ಗೊಡ್ಡು ಎಂದೇ ಓದುತ್ತ ಬಂದಿದ್ದೇವೆ. ಇಲ್ಲಿಯ ಆಚಾರದಲ್ಲಿ ಹೊಳೆಯ ಬಗೆಗಿನ ತಿಳಿವಳಿಕೆಯೊಂದು ಮಡಿ ಉಟ್ಟು ಕೂತಿದೆ. ಹಾಗೆಂದು ಎಲ್ಲ ಪುಣ್ಯಸ್ನಾನವೂ ಹೊಳೆಗೆ ಒಳ್ಳೆಯದು ಎಂದೇನೂ ಅಲ್ಲ. ಔಷಧಿಯ ಬೇರುಗಳನ್ನು ತೊಳೆದು ಬರುತ್ತದೆಂದು ಜನ ನಂಬುವ ಸೌಪರ್ಣಿಕೆಗೆ ಕೊಲ್ಲೂರಿನಲ್ಲಿ ಕೊಳಚೆ ಸೇರುವ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ನಮ್ಮ ಕಾಲದಲ್ಲೇ.

ಇಷ್ಟೆಲ್ಲ ಹೇಳಿದಾಗ ಗೆಳೆಯರೊಬ್ಬರು ನನ್ನನ್ನು ಹಂಬಲದ ಮನುಷ್ಯ ಎಂದರು. ಹೋದದ್ದಕ್ಕೆ ಅಳುವುದು ವಿಮರ್ಶೆಯಲ್ಲ, ಊರಿನ ಹುಡುಗರೇ ಈಗ ರೀಲು ಮಾಡುತ್ತಾರೆ, ದೋಣಿ ಬಿಟ್ಟು ಕಯಾಕ್ ಹಿಡಿದಿದ್ದಾರೆ ಎಂದು ಅವರ ವಾದ. ಕಯಾಕ್ ನೋಡಲೆಂದೇ ನಾನು ಸಾಲಿಗ್ರಾಮದ ಪಾರಂಪಳ್ಳಿಗೆ ಹೋದೆ. ಕಾರಂತರು ಬರೆದ ಕೋಡಿಯ ನೆಲಕ್ಕೆ ಅದು ಬಲು ಹತ್ತಿರ. ಸೀತೆಯ ಹಿನ್ನೀರು ಕಾಂಡ್ಲಾ ಗಿಡಗಳ ನಡುವೆ ಸಂದಿಸಂದಿಯಾಗಿ ಹರಡಿಕೊಂಡಿದೆ. ಪಾರೋತಿ, ಸರಸೋತಿಯರಿಗೆ ದಾರಿಯೂ ಭಯವೂ ಆಗಿದ್ದ ಬಗೆಯ ನೀರಿನಲ್ಲಿ ಜನ ಹಣ ಕೊಟ್ಟು ಹುಟ್ಟು ಹಾಕುತ್ತಾರೆ. ವ್ಯಂಗ್ಯವಾಗಿ ಬರೆಯಲು ಒಳ್ಳೆಯ ಅವಕಾಶ ಎಂದುಕೊಂಡೇ ಹತ್ತಿದೆ.

ಮುಂದಿನ ಕಯಾಕಿನಲ್ಲಿದ್ದ ಸ್ಥಳೀಯ ಹುಡುಗ ಹೊರಡುವ ಮೊದಲು ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡಿದ. ಆಮೇಲೆ ದಾರಿಯುದ್ದಕ್ಕೂ ಮಾತಾಡಿದ. ಭರತ ಏರುತ್ತಿದೆ, ಹಿಂದಿರುಗುವಾಗ ಈ ಸಂದಿಯಲ್ಲಿ ತಲೆ ತಗ್ಗಿಸಬೇಕು. ಇಲ್ಲಿ ಕೆಸರು ಸೊಂಟದವರೆಗೆ, ಫೋಟೋಕ್ಕೆಂದು ಇಳಿಯಬೇಡಿ. ಈ ಬೇರುಗಳ ಅಡಿ ಏಡಿ, ಅಲ್ಲಿ ಅಜ್ಜಿಯರು ಮಳಿ ಹೆಕ್ಕುತ್ತಿದ್ದರು, ಈಗಲೂ ಕೆಲವರು ಬರುತ್ತಾರೆ. ನನ್ನ ಪಕ್ಕದ ಕಯಾಕಿನಲ್ಲಿ ಹೈದರಾಬಾದಿನ ಗಂಡಹೆಂಡತಿ. ಅವರಿಗಾಗಿ ಅದನ್ನೆಲ್ಲ ತನ್ನ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದ. ಗುಂಡಿಗೆ, ಭರತಕ್ಕೆ ಹಿಂದಿ ಶಬ್ದ ಸಿಗದೆ ಕನ್ನಡದ್ದನ್ನೇ ಇಟ್ಟ, ಕೈಯಲ್ಲಿ ಆಳ ತೋರಿಸಿದ. ಹೆಂಡತಿ ಎರಡು ಸಲ ‘ಭರತ, ಭರತ’ ಎಂದು ಹೇಳಿ ಬಾಯಿಪಾಠ ಮಾಡಿಕೊಂಡರು. ಈಚೆ ಬರುವಾಗ ನೀರು ನಿಜಕ್ಕೂ ಏರಿತ್ತು, ಎಲ್ಲರೂ ತಲೆ ತಗ್ಗಿಸಿದೆವು.